ತೋಟದ ಪ್ರಶ್ನೋತ್ತರ: ಮನೆಯಲ್ಲೇ ಹೈಡ್ರೇಂಜಿಯ

ಕಳೆದ ಸಂಚಿಕೆಯಲ್ಲಿ ಅರೆನೆರಳಿನಲ್ಲಿ ಬೆಳೆಯುವ ಹೂಗಿಡಗಳ ಬಗ್ಗೆ ಬರೆಯುವಾಗ ಹೈಡ್ರೇಂಜಿಯವನ್ನು ಎರಡೇ ಸಾಲುಗಳಲ್ಲಿ ಪ್ರಸ್ತಾಪಿಸಿದ್ದೆವು. ಆ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಒಂದು ಗಿಡವನ್ನೇ ಕುರಿತಿದ್ದುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಬೇರೆ ಹೆಸರು ಹೇಳದೆ ‘ಹೈಡ್ರೇಂಜಿಯ’ ಎಂದಿರುವಲ್ಲೆಲ್ಲ, ಅಗಲವಾದ ಹೊಳಪಿನ ಎಲೆ ಮತ್ತು ನೀಲಿ ಅಥವಾ ಗುಲಾಬಿ ಬಣ್ಣದ ದುಂಡು ಹೂಗೊಂಚಲು ಇರುವ, ಜಪಾನ್ ಮೂಲದ ಹೈಡ್ರೇಂಜಿಯ ಮ್ಯಾಕ್ರೊಫಿಲ್ಲ ಎಂದು ತಿಳಿಯಬೇಕು. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಪ್ರಶ್ನೆ: ಹೈಡ್ರೇಂಜಿಯದ ದಪ್ಪ ಕಡ್ಡಿಗಳನ್ನು ಕತ್ತರಿಸಿ ತೋಟದ ಮಣ್ಣಿನಲ್ಲಿ ನೆಟ್ಟಾಗ ಮೊದಮೊದಲು ಎಲ್ಲವೂ ಚೆನ್ನಾಗಿರುತ್ತದೆ, ಚಿಗುರೂ ಒಡೆಯುತ್ತದೆ. ಆಮೇಲೆ ಕಡ್ಡಿ ಬುಡದಿಂದ ಕಪ್ಪಾಗಿ ಕೊಳೆತುಹೋಗುತ್ತದೆ. ಕಡ್ಡಿ ಆರಿಸುವುದರಿಂದ ಹಿಡಿದು ಬೇರು ಬರುವವರೆಗಿನ ಕ್ರಮವನ್ನು ವಿವರವಾಗಿ ತಿಳಿಸುವಿರಾ?

ಉತ್ತರ: ಚಿಗುರು ಕಂಡೊಡನೆ ಬೇರು ಬಂದಿತೆಂದು ಭಾವಿಸುವುದು ಸಹಜ. ಆದರೆ ಆ ಚಿಗುರು ಒಡೆಯುವುದು ಕಡ್ಡಿಯೊಳಗೆ ಮೊದಲೇ ಕೂಡಿಟ್ಟಿದ್ದ ಆಹಾರದ ಬಲದಿಂದ. ಬೇರು ಹುಟ್ಟುವುದರೊಳಗೆ ಆ ದಾಸ್ತಾನು ತೀರಿಬಿಟ್ಟರೆ, ಮೇಲಿನ ಎಲೆಗಳು ನೀರನ್ನು ಹೊರಬಿಡುತ್ತಲೇ ಇರುವುದರಿಂದಲೂ ಕೆಳಗಿನಿಂದ ಪೂರೈಕೆ ಇಲ್ಲದಿರುವುದರಿಂದಲೂ ಕಡ್ಡಿ ಸೋಲುತ್ತದೆ. ನೀವು ವಿವರಿಸಿರುವ ರೀತಿಯಲ್ಲಿ ಬುಡ ಕಪ್ಪಾಗಬೇಕಾದರೆ ಇನ್ನೆರಡು ಕಾರಣಗಳೂ ಸೇರಿರಬೇಕು: ಕಡ್ಡಿ ತೀರಾ ಬಲಿತದ್ದು, ಮಣ್ಣು ತೀರಾ ಭಾರದ್ದು. ತೋಟದ ಮಣ್ಣು ಕುಂಡದಲ್ಲಿ ಬಿಗಿದುಕೊಂಡು ನೀರನ್ನು ಹಿಡಿದಿಡುತ್ತದೆ. ಕತ್ತರಿಸಿದ ಬಾಯಿಗೆ ಗಾಳಿ ಸಿಗುವುದಿಲ್ಲ. ಕೊಳೆಸುವ ಶಿಲೀಂಧ್ರಗಳಿಗೆ ಅಷ್ಟೇ ಸಾಕು.

ಕಡ್ಡಿ ತೆಗೆಯಲು ಸರಿಯಾದ ಕಾಲವೆಂದರೆ ವಸಂತದಲ್ಲಿ ಗಿಡ ಚಿಗುರಿ, ಆ ಚಿಗುರು ತುಸು ಬಿಗಿಯಾದ ಮೇಲೆ, ಅಂದರೆ ಬೇಸಿಗೆಯ ಮೊದಲ ಭಾಗ. ಹದ ತಿಳಿಯಲು ರೆಂಬೆಯನ್ನು ಬೆರಳಿನಿಂದ ಬಾಗಿಸಿ ನೋಡಬೇಕು. ಮುರಿಯದೆ ಜೋತುಬಿದ್ದರೆ ಅದು ಇನ್ನೂ ಎಳೆಯದು, ಬೇಗನೆ ಬಾಡುತ್ತದೆ. ತೊಗಟೆ ಕಂದುಬಣ್ಣಕ್ಕೆ ತಿರುಗಿ ಮರದಂತೆ ಗಟ್ಟಿಯಾಗಿದ್ದರೆ ಬಲಿತಿದೆ, ಬೇರು ನಿಧಾನ. ಹಸಿರಾಗಿದ್ದು ‘ಟಕ್’ ಎಂದು ಮುರಿಯುವಂತಿದ್ದರೆ ಅದೇ ಬೇಕಾದದ್ದು. ತುದಿಯಲ್ಲಿ ಹೂವಾಗಲಿ ಮೊಗ್ಗಾಗಲಿ ಇಲ್ಲದ ರೆಂಬೆಯನ್ನೇ ಆರಿಸಿಕೊಳ್ಳಿ. ಹೂಬಿಡುವ ರೆಂಬೆ ತನ್ನ ಶಕ್ತಿಯನ್ನು ಹೂವಿಗೆ ಕೊಡುತ್ತಿರುವಾಗ ಬೇರಿಗೆ ಉಳಿಯುವುದು ಕಡಿಮೆ. ಹಿಂದಿನ ಸಂಜೆ ಗಿಡಕ್ಕೆ ಚೆನ್ನಾಗಿ ನೀರು ಕೊಟ್ಟು, ಬೆಳಿಗ್ಗೆ ಬಿಸಿಲೇರುವ ಮುನ್ನ, ಎಲೆಗಳಲ್ಲಿ ನೀರು ತುಂಬಿಕೊಂಡಿರುವಾಗಲೇ ಕತ್ತರಿಸಬೇಕು.

ಹೈಡ್ರೇಂಜಿಯದ ಕಾಂಡವನ್ನು ಹತ್ತಿರದಿಂದ ನೋಡಿದರೆ ಎಲೆಗಳು ಎರಡೆರಡಾಗಿ ಎದುರುಬದುರು ಹುಟ್ಟಿರುವುದೂ, ಆ ಜಾಗದಲ್ಲಿ ಕಾಂಡ ಸ್ವಲ್ಪ ಉಬ್ಬಿರುವುದೂ ಕಾಣುತ್ತದೆ. ಅದೇ ಗೆಣ್ಣು. ಎಲೆತೊಟ್ಟು ಕಾಂಡಕ್ಕೆ ಸೇರುವ ಕಂಕುಳಿನಲ್ಲಿ ಅಕ್ಕಪಕ್ಕದ ಮೊಗ್ಗುಗಳಿರುತ್ತವೆ, ಮುಂದೆ ರೆಂಬೆಯಾಗುವುದು ಅವೇ. ಎರಡು ಅಥವಾ ಮೂರು ಗೆಣ್ಣುಗಳಿರುವ, 10ರಿಂದ 15 ಸೆಂಟಿಮೀಟರ್ ಉದ್ದದ ತುಂಡು ಸಾಕು. ಕೆಳಗಿನ ಗೆಣ್ಣಿನ ತುಸು ಕೆಳಗೆ ಹರಿತವಾದ, ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಭಾಗವೇ ಮೊದಲು ಕೊಳೆಯುತ್ತದೆ. ಕೆಳಗಿನ ಗೆಣ್ಣಿನ ಎಲೆಗಳನ್ನು ಪೂರ್ತಿ ತೆಗೆದು, ಮೇಲಿನ ಜೋಡಿಯನ್ನು ಉಳಿಸಿಕೊಂಡು, ಆ ಎಲೆಗಳು ದೊಡ್ಡದಾಗಿದ್ದರೆ ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಬೇಕು. ನೋಡುವುದಕ್ಕೆ ಚೆನ್ನಾಗಿರುವುದಿಲ್ಲ, ನಿಜ; ಆದರೆ ಬೇರಿಲ್ಲದ ತುಂಡಿನ ಮೇಲೆ ಅಂಗೈಯಗಲದ ಎಲೆಗಳನ್ನು ಬಿಟ್ಟರೆ ಅದು ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆ. ಇಂಡೋಲ್ ಬ್ಯುಟಿರಿಕ್ ಆಮ್ಲ ಶೇ 0.1ರಿಂದ 0.3ರಷ್ಟಿರುವ ಬೇರು ಬರಿಸುವ ಪುಡಿ ದೊರೆತರೆ ಬುಡವನ್ನು ಅದರಲ್ಲಿ ಅದ್ದಿ, ಹೆಚ್ಚಾದ ಪುಡಿಯನ್ನು ಕೊಡವಿಬಿಡಿ. ಹೈಡ್ರೇಂಜಿಯ ಸುಲಭವಾಗಿ ಬೇರು ಬಿಡುವ ಗಿಡವಾದ್ದರಿಂದ ಪುಡಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಇದ್ದರೆ ಬೇರು ಬೇಗ ಬರುತ್ತದೆ, ಎಲ್ಲ ಕಡ್ಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮನಾಗಿ ಬರುತ್ತದೆ.

ನೆಡಲು ತೆಂಗಿನ ನಾರಿನ ಪುಡಿ ಮತ್ತು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಖನಿಜದ ಕಾಳು) ಸಮಪ್ರಮಾಣದಲ್ಲಿ ಬೆರೆಸಿದ ಮಿಶ್ರಣ ಒಳ್ಳೆಯದು. ಪರ್ಲೈಟ್ ಇಲ್ಲವಾದರೆ ತೊಳೆದ ದಪ್ಪ ಮರಳು ಆಗುತ್ತದೆ. ಗೊಬ್ಬರ ಬೇಡವೇ ಬೇಡ. ಬೇರಿಲ್ಲದ ಕಡ್ಡಿಗೆ ಗೊಬ್ಬರದಿಂದ ಪ್ರಯೋಜನವಿಲ್ಲ, ಕೊಳೆಯುವ ಸಂಭವ ಮಾತ್ರ ಹೆಚ್ಚುತ್ತದೆ. ಮಿಶ್ರಣವನ್ನು ಮೊದಲೇ ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಇಳಿಯುವ ಹದಕ್ಕೆ ತಂದುಕೊಂಡು, ಪೆನ್ಸಿಲಿನಿಂದ ಕುಳಿ ಮಾಡಿ, ಕೆಳಗಿನ ಗೆಣ್ಣು ಮುಚ್ಚುವಂತೆ ಕಡ್ಡಿಯನ್ನಿಟ್ಟು ಸುತ್ತಲೂ ಒತ್ತಬೇಕು. ಕುಳಿ ಮಾಡದೆ ಕಡ್ಡಿಯನ್ನೇ ಚುಚ್ಚಿದರೆ ಹಚ್ಚಿದ ಪುಡಿ ಮೇಲೆಯೇ ಉಳಿದುಬಿಡುತ್ತದೆ. ಇಡೀ ಕುಂಡವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ಚೀಲ ಎಲೆಗಳಿಗೆ ತಗಲದಂತೆ ಎರಡು ಕೋಲುಗಳ ಆಸರೆ ಕೊಟ್ಟು, ಬೆಳಕು ಚೆನ್ನಾಗಿದ್ದು ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಬಿಸಿಲಿಗೆ ಇಟ್ಟರೆ ಚೀಲದೊಳಗೆ ಕಡ್ಡಿ ಬೆಂದುಹೋಗುತ್ತದೆ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಚೀಲದ ಒಳಮೈಯಲ್ಲಿ ಮಂಜಿನಂತೆ ತೇವ ಕಾಣುತ್ತಿದ್ದರೆ ನೀರು ಹಾಕಬೇಕಾಗಿಲ್ಲ. ಎರಡು ಮೂರು ದಿನಗಳಿಗೊಮ್ಮೆ ಚೀಲವನ್ನು ಸ್ವಲ್ಪ ಹೊತ್ತು ತೆರೆದು ಗಾಳಿಯಾಡಿಸಿ, ಉದುರಿದ ಅಥವಾ ಬೂಸ್ಟು ಹಿಡಿದ ಎಲೆಯನ್ನು ತಕ್ಷಣ ತೆಗೆದುಹಾಕಿ; ಬೂದುಬಣ್ಣದ ಬೂಸ್ಟು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಬಹಳ ಬೇಗ ಹಬ್ಬುತ್ತದೆ.

ಬೇರು ಬಂದಿದೆಯೇ ಎಂದು ಕಿತ್ತು ನೋಡಬಾರದು. ಮೂರು ವಾರ ಕಳೆದ ಮೇಲೆ ಕಡ್ಡಿಯನ್ನು ಎರಡು ಬೆರಳುಗಳಿಂದ ಹಿಡಿದು ಅತಿ ಮೆಲ್ಲಗೆ ಮೇಲಕ್ಕೆಳೆಯಿರಿ. ಸುಲಭವಾಗಿ ಜಾರಿದರೆ ಮತ್ತೆ ಒತ್ತಿ ಬಿಟ್ಟುಬಿಡಿ. ಮಿಶ್ರಣ ಕಡ್ಡಿಯನ್ನು ಹಿಡಿದುಕೊಂಡಂತೆ ಬಿಗಿ ಸಿಕ್ಕಿದರೆ ಬೇರು ಹೊರಟಿದೆ ಎಂದರ್ಥ. ಒಟ್ಟಿಗೆ ಐದಾರು ಕಡ್ಡಿ ನೆಡುವುದು ಜಾಣತನ, ಎಲ್ಲವೂ ಹಿಡಿಯುವುದು ಅಪರೂಪ.

ಪ್ರಶ್ನೆ: ಬರಿಯ ನೀರಿನಲ್ಲಿಟ್ಟರೆ ಬೇರು ಬರುವುದಿಲ್ಲವೇ? ಹೂಗುಚ್ಛದಲ್ಲಿ ಬಂದ ಹೈಡ್ರೇಂಜಿಯದ ಕಡ್ಡಿಯಿಂದಲೂ ಗಿಡ ಮಾಡಬಹುದು ಎನ್ನುತ್ತಾರೆ, ನಿಜವೇ?

ಉತ್ತರ: ನೀರಿನಲ್ಲಿ ಬೇರು ಬರುತ್ತದೆ. ಗಾಜಿನ ಲೋಟದಲ್ಲಿ ಬೇರು ಇಳಿಯುವುದನ್ನು ಕಣ್ಣಾರೆ ನೋಡುವ ಸಂತೋಷವೂ ಇದೆ, ಮಕ್ಕಳಿಗೆ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಆದರೆ ನೀರಿನಲ್ಲಿ ಹುಟ್ಟಿದ ಬೇರು ತೆಳುವಾಗಿ, ಸುಲಭವಾಗಿ ಮುರಿಯುವಂತಿರುತ್ತದೆ; ಮಣ್ಣಿಗೆ ವರ್ಗಾಯಿಸಿದಾಗ ಹೊಸ ಪರಿಸರಕ್ಕೆ ಹೊಂದಿಕೊಳ್ಳಲಾರದೆ ಅನೇಕ ಕಡ್ಡಿಗಳು ಆ ಹಂತದಲ್ಲಿ ಸೊರಗುತ್ತವೆ. ಆದ್ದರಿಂದ ಗಿಡವೇ ಗುರಿಯಾಗಿದ್ದರೆ ಪರ್ಲೈಟ್ ಮಿಶ್ರಣವೇ ಮೇಲು ಎಂಬುದು ನಮ್ಮ ಅಭಿಪ್ರಾಯ. ನೀರಿನಲ್ಲೇ ಮಾಡುವುದಾದರೆ ಎರಡು ದಿನಗಳಿಗೊಮ್ಮೆ ನೀರು ಬದಲಿಸಿ, ಬೇರು ಎರಡು ಮೂರು ಸೆಂಟಿಮೀಟರ್ ಆದೊಡನೆ ಕುಂಡಕ್ಕೆ ಸಾಗಿಸಿ, ಮೊದಲ ಕೆಲವು ದಿನ ಚೀಲ ಮುಚ್ಚಿಡಿ. ಬೇರು ಗೋಜಲಾಗಿ ಬೆಳೆಯಲೆಂದು ಕಾಯುವುದು ತಪ್ಪು.

ಹೂಗುಚ್ಛದ ಕಡ್ಡಿಯ ವಿಷಯದಲ್ಲಿ ನಿರೀಕ್ಷೆ ಕಡಿಮೆ ಇರಲಿ. ಅದು ಹೂಬಿಟ್ಟ ರೆಂಬೆ, ಕತ್ತರಿಸಿ ಹಲವು ದಿನಗಳಾಗಿರುತ್ತವೆ. ಎಲೆ ಸಹಿತವಾದ ಗೆಣ್ಣು ಉಳಿದಿದ್ದರೆ ಹೂವನ್ನು ತೆಗೆದುಹಾಕಿ ಪ್ರಯತ್ನಿಸಬಹುದು. ಗೆಣ್ಣೇ ಇಲ್ಲದ ಬೋಳು ಕಾಂಡವಾಗಿದ್ದರೆ, ಮುಂದೆ ರೆಂಬೆಯಾಗಬೇಕಾದ ಮೊಗ್ಗೇ ಅದರಲ್ಲಿಲ್ಲದ ಕಾರಣ, ಪ್ರಯತ್ನ ವ್ಯರ್ಥ.

ಪ್ರಶ್ನೆ: ಕಡ್ಡಿ ಕತ್ತರಿಸಲು ಧೈರ್ಯ ಸಾಲದು, ಇರುವುದು ಒಂದೇ ಗಿಡ. ಬೇರೆ ದಾರಿ ಇದೆಯೇ? ಬೀಜದಿಂದ ಬೆಳೆಸಬಹುದೇ?

ಉತ್ತರ: ನಿಮ್ಮಂಥವರಿಗೆ ಹೇಳಿಮಾಡಿಸಿದ್ದು ರೆಂಬೆಯನ್ನು ನೆಲಕ್ಕೆ ಬಾಗಿಸಿ ಬೇರು ಬರಿಸುವ ವಿಧಾನ. ನೆಲದ ಹತ್ತಿರವಿರುವ ಬಳುಕುವ ರೆಂಬೆಯೊಂದನ್ನು ಆರಿಸಿ, ತುದಿಯಿಂದ ಸುಮಾರು 20 ಸೆಂಟಿಮೀಟರ್ ಹಿಂದೆ ಒಂದು ಗೆಣ್ಣಿನ ಎಲೆಗಳನ್ನು ತೆಗೆದು, ಅದರ ಅಡಿಭಾಗದ ತೊಗಟೆಯನ್ನು ಉಗುರಗಲ ಕೆರೆದು, ಆ ಜಾಗವನ್ನು ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಹೂತು, ಮೇಲೆ ಕಲ್ಲೊಂದನ್ನು ಹೇರಬೇಕು. ತುದಿ ಎಲೆಗಳ ಸಮೇತ ಹೊರಗಿರಲಿ. ತಾಯಿಗಿಡದಿಂದ ನೀರು, ಆಹಾರ ಹರಿದುಬರುತ್ತಲೇ ಇರುವುದರಿಂದ ಬಾಡುವ ಭಯವಿಲ್ಲ. ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು. ಬೇರು ಚೆನ್ನಾಗಿ ಹಿಡಿಯಲು ಕೆಲವು ತಿಂಗಳು ಬೇಕು. ಆ ಮೇಲೆ ತಾಯಿಗಿಡದ ಕಡೆಯ ರೆಂಬೆಯನ್ನು ಕತ್ತರಿಸಿ, ಕೂಡಲೇ ಕೀಳದೆ ಎರಡು ವಾರ ಅಲ್ಲಿಯೇ ಬಿಟ್ಟು, ಸ್ವತಂತ್ರವಾಗಿ ನಿಂತದ್ದು ಖಚಿತವಾದ ಬಳಿಕ ಎಬ್ಬಿಸಿ. ಕುಂಡದ ಗಿಡವಾದರೆ ಪಕ್ಕದಲ್ಲೊಂದು ಚಿಕ್ಕ ಕುಂಡವಿಟ್ಟು ಅದರೊಳಕ್ಕೆ ರೆಂಬೆಯನ್ನು ಬಾಗಿಸಬಹುದು.

ಬೀಜದಿಂದ ಬೆಳೆಸಿದ ಗಿಡ ತಾಯಿಯಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ದೂಳಿನಂತೆ ಸಣ್ಣದಾದ ಬೀಜಗಳನ್ನು ಮಣ್ಣಿನ ಮೇಲೆಯೇ ಉದುರಿಸಿ, ಸಸಿಗಳನ್ನು ವರ್ಷಗಟ್ಟಲೆ ಸಾಕಬೇಕು. ಹೊಸ ತಳಿ ಹುಡುಕುವವರಿಗೆ ಅದು ಸರಿ. ಬಿಳಿಯ ಭಾರಿ ಗೊಂಚಲಿನ ‘ಆನಬೆಲ್’ ತಳಿ ಅಮೆರಿಕದ ಇಲಿನಾಯ್ ರಾಜ್ಯದ ಆನಾ ಪಟ್ಟಣದ ಬಳಿ ಕಾಡುಗಿಡವಾಗಿ ದೊರೆತದ್ದು. ಇಂದು ಲೋಕದ ಎಲ್ಲೆಡೆ ಇರುವ ಆನಬೆಲ್ ಗಿಡಗಳೆಲ್ಲ ಕಡ್ಡಿಯಿಂದಲೋ ಬುಡ ಬೇರ್ಪಡಿಸಿಯೋ ಮುಂದುವರಿದವೇ. ಒಂದು ಮಾತು: ಇತ್ತೀಚಿನ ಕೆಲವು ತಳಿಗಳಿಗೆ ತಳಿಹಕ್ಕಿನ ರಕ್ಷಣೆ ಇರುತ್ತದೆ. ಅಂಥವುಗಳ ಕಡ್ಡಿಯಿಂದ ಗಿಡ ಮಾಡಿ ಮಾರುವಂತಿಲ್ಲ, ಚೀಟಿಯನ್ನು ಓದಿಕೊಳ್ಳಿ.

ಪ್ರಶ್ನೆ: ಕಡ್ಡಿಗೆ ಬೇರು ಬಂದಿದೆ. ಮುಂದೇನು ಮಾಡಬೇಕು? ಎಷ್ಟು ದಿನಕ್ಕೆ ಹೂ ಬರುತ್ತದೆ?

ಉತ್ತರ: ಚೀಲವನ್ನು ಒಮ್ಮೆಗೇ ತೆಗೆಯದೆ, ಒಂದು ವಾರದ ಅವಧಿಯಲ್ಲಿ ದಿನದಿನಕ್ಕೂ ಹೆಚ್ಚು ಹೊತ್ತು ತೆರೆದಿಟ್ಟು ಹೊರಗಿನ ಗಾಳಿಗೆ ಒಗ್ಗಿಸಿ. ಬಳಿಕ ಒಂದೊಂದನ್ನೂ 10 ಸೆಂಟಿಮೀಟರ್ ಅಗಲದ ಪ್ರತ್ಯೇಕ ಕುಂಡಕ್ಕೆ, ಸೋಸಿದ ಎಲೆಗೊಬ್ಬರ ಅಥವಾ ಎರೆಗೊಬ್ಬರ ಬೆರೆತ ಹಗುರ ಮಣ್ಣಿಗೆ ಸಾಗಿಸಿ. ಆರಂಭದಲ್ಲೇ ದೊಡ್ಡ ಕುಂಡ ಕೊಡುವುದು ಉಪಕಾರವಲ್ಲ, ಬೇರು ತಲುಪದ ಮಣ್ಣು ಸದಾ ಒದ್ದೆಯಾಗಿದ್ದು ಹುಳಿಯುತ್ತದೆ. ಬೇರು ಕುಂಡದ ಅಂಚು ಮುಟ್ಟಿದಂತೆ ಒಂದೊಂದು ಅಳತೆ ಏರಿಸುತ್ತಾ ಹೋಗಿ. ಬೆಳೆದ ಗಿಡಕ್ಕೆ 35ರಿಂದ 40 ಸೆಂಟಿಮೀಟರ್ ಅಗಲದ, ತಳದಲ್ಲಿ ಸಾಕಷ್ಟು ರಂಧ್ರಗಳಿರುವ ಕುಂಡ ಬೇಕಾಗುತ್ತದೆ. ನಾಲ್ಕೈದು ಜೋಡಿ ಎಲೆ ಬಂದಾಗ ತುದಿಯನ್ನು ಚಿವುಟಿದರೆ ಪಕ್ಕದ ರೆಂಬೆಗಳು ಒಡೆದು ಗಿಡ ಪೊದೆಯಾಗುತ್ತದೆ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಚಿವುಟುವುದನ್ನು ನಿಲ್ಲಿಸಬೇಕು. ಕಾರಣ ಮುಂದಿನ ಉತ್ತರದಲ್ಲಿದೆ. ಮೊದಲ ವರ್ಷ ಹೂ ಕಾಣಿಸಿಕೊಂಡರೆ ಮನಸ್ಸು ಗಟ್ಟಿಮಾಡಿ ತೆಗೆದುಹಾಕಿ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಒಳ್ಳೆಯ ಗೊಂಚಲುಗಳು ಬರುತ್ತವೆ.

ಪ್ರಶ್ನೆ: ನಮ್ಮ ಗಿಡ ನೋಡಲು ಬಹಳ ಸೊಗಸಾಗಿದೆ, ಎಲೆಗಳು ದಟ್ಟವಾಗಿವೆ. ಪ್ರತಿವರ್ಷ ಚಳಿ ಮುಗಿದೊಡನೆ ಅಚ್ಚುಕಟ್ಟಾಗಿ ಸವರಿ, ಗೊಬ್ಬರ ಹಾಕುತ್ತೇವೆ. ಆದರೂ ಹೂವೇ ಇಲ್ಲ. ಇದು ಗಂಡುಗಿಡವಿರಬಹುದೇ?

ಉತ್ತರ: ಹೈಡ್ರೇಂಜಿಯದಲ್ಲಿ ಹಾಗೆ ಹೂಬಿಡದ ಗಂಡುಗಿಡ ಎಂಬುದಿಲ್ಲ. ನಿಮ್ಮ ಪತ್ರದಲ್ಲೇ ಉತ್ತರವಿದೆ: ಪ್ರತಿವರ್ಷ ಆ ಅಚ್ಚುಕಟ್ಟಾದ ಸವರುವಿಕೆಯಲ್ಲಿ ಹೂಗಳೆಲ್ಲ ಕತ್ತರಿಸಿಹೋಗುತ್ತಿವೆ. ಹೂ ಬರಲಿಲ್ಲವೆಂಬ ಕಾರಣಕ್ಕೆ ಒಳ್ಳೆಯ ಗಿಡಗಳನ್ನು ಕಿತ್ತೆಸೆದವರ ಪತ್ರಗಳೂ ನಮಗೆ ಬಂದಿರುವುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಮ್ಯಾಕ್ರೊಫಿಲ್ಲ ಜಾತಿಯ ಗಿಡ ಈ ಬೇಸಿಗೆಯಲ್ಲಿ ಬಿಡುವ ಹೂವಿನ ಮೊಗ್ಗನ್ನು ಕಳೆದ ವರ್ಷವೇ ಕಟ್ಟಿಕೊಂಡಿರುತ್ತದೆ. ಬೇಸಿಗೆ ಕಳೆದು ಹಗಲು ಕಿರಿದಾಗಿ, ಉಷ್ಣತೆ ಸುಮಾರು 18 ಡಿಗ್ರಿಗಿಂತ ಕೆಳಗಿಳಿದು ಆರರಿಂದ ಎಂಟು ವಾರ ಹಾಗೆಯೇ ಇದ್ದಾಗ ರೆಂಬೆಯ ತುದಿಯ ಮೊಗ್ಗಿನೊಳಗೆ ಹೂಗೊಂಚಲಿನ ಅಂಕುರ ರೂಪುಗೊಳ್ಳುತ್ತದೆ. ಆಮೇಲೆ ಎಲೆ ಉದುರಿ, ಗಿಡ ಚಳಿಯಲ್ಲಿ ವಿಶ್ರಾಂತಿ ಪಡೆದು, ವಸಂತದಲ್ಲಿ ಆ ಮೊಗ್ಗು ಒಡೆದಾಗ ಕೆಲವು ಜೋಡಿ ಎಲೆಗಳ ಹಿಂದೆಯೇ ಗೊಂಚಲು ಹೊರಬರುತ್ತದೆ. ಚಳಿಗಾಲದಲ್ಲಿ ಬೋಳು ಗಿಡದ ಬಳಿ ಕುಳಿತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ರೆಂಬೆಯ ತುದಿಯಲ್ಲಿ ದಪ್ಪನೆಯ, ಹೊಟ್ಟೆ ಉಬ್ಬಿದ ಮೊಗ್ಗು ಒಂಟಿಯಾಗಿ ನಿಂತಿರುತ್ತದೆ. ಅದರ ಕೆಳಗೆ, ಉದುರಿದ ಎಲೆಗಳ ಗುರುತಿನ ಮೇಲ್ಗಡೆ, ಚಿಕ್ಕದಾದ ಚೂಪು ಮೊಗ್ಗುಗಳು ಜೋಡಿಜೋಡಿಯಾಗಿ ಕಾಂಡಕ್ಕೆ ಒತ್ತಿಕೊಂಡಿರುತ್ತವೆ. ತುದಿಯ ದಪ್ಪ ಮೊಗ್ಗು ಹೂವಿನದು, ಕೆಳಗಿನವುಗಳಲ್ಲಿ ಹೆಚ್ಚಿನವು ಎಲೆಯವು. ಚಳಿ ಮುಗಿದಾಗ ಎಲ್ಲ ರೆಂಬೆಗಳ ತಲೆಯನ್ನು ಸಮನಾಗಿ ಕತ್ತರಿಸಿದರೆ ಗಿಡಕ್ಕೆ ಏನೂ ಆಗುವುದಿಲ್ಲ, ಇನ್ನಷ್ಟು ಹುಮ್ಮಸ್ಸಿನಿಂದ ಚಿಗುರುತ್ತದೆ. ಆ ವರ್ಷದ ಹೂ ಮಾತ್ರ ಕತ್ತರಿಯ ಜೊತೆ ಹೋಗಿರುತ್ತದೆ.

ಆದ್ದರಿಂದ ಈ ಗಿಡವನ್ನು ಸವರುವುದಿದ್ದರೆ ಹೂ ಬಾಡಿದ ಕೂಡಲೇ, ಹೊಸ ಮೊಗ್ಗು ಕಟ್ಟುವ ಮೊದಲೇ ಸವರಬೇಕು. ಒಣಗಿದ ಗೊಂಚಲನ್ನು ಅದರ ಕೆಳಗಿನ ಮೊದಲ ಬಲವಾದ ಮೊಗ್ಗುಜೋಡಿಯ ಮೇಲಕ್ಕೆ ಕತ್ತರಿಸಿ. ಗಿಡ ಹಳೆಯದಾಗಿದ್ದರೆ ವರ್ಷಕ್ಕೆ ಒಂದೆರಡು ಮುದಿ ಕಾಂಡಗಳನ್ನು ನೆಲಮಟ್ಟಕ್ಕೆ ತೆಗೆದು ಹೊಸ ಕಾಂಡಗಳಿಗೆ ಜಾಗ ಮಾಡಿಕೊಡಬಹುದು. ಚಳಿ ಮುಗಿದಾಗ ಮಾಡುವ ಕೆಲಸ ಒಂದೇ: ಪೂರ್ತಿ ಒಣಗಿ ಸತ್ತ ಕಡ್ಡಿಗಳನ್ನು ತೆಗೆಯುವುದು. ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಅದು ಜೀವಂತವಾಗಿದೆ, ಮುಟ್ಟಬೇಡಿ.

ಎಲ್ಲ ಜಾತಿಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ ಎಂಬುದೇ ಗೊಂದಲದ ಮೂಲ. ಓಕ್ ಮರದ ಎಲೆಯಂತೆ ಸೀಳಿದ ಎಲೆಯಿರುವ ಕ್ವೆರ್ಸಿಫೋಲಿಯ, ಗುಡ್ಡಗಾಡಿನ ಸೆರ್ರಾಟ ಇವೆರಡೂ ಮ್ಯಾಕ್ರೊಫಿಲ್ಲದಂತೆ ಹಳೆಯ ರೆಂಬೆಯಲ್ಲಿ ಹೂಬಿಡುತ್ತವೆ. ಗೋಪುರದಂಥ ಮೊನಚು ಗೊಂಚಲಿನ ಪ್ಯಾನಿಕ್ಯುಲೇಟ, ಮತ್ತು ಆನಬೆಲ್ ಸೇರಿರುವ ಆರ್ಬೊರೆಸೆನ್ಸ್ ಆ ವರ್ಷದ ಹೊಸ ಚಿಗುರಿನಲ್ಲಿ ಹೂಬಿಡುವುದರಿಂದ ಅವುಗಳನ್ನು ಚಳಿಗಾಲದ ಕೊನೆಯಲ್ಲಿ ಧಾರಾಳವಾಗಿ ಸವರಬಹುದು. 2004ರಲ್ಲಿ ಮಾರುಕಟ್ಟೆಗೆ ಬಂದ ‘ಎಂಡ್‌ಲೆಸ್ ಸಮ್ಮರ್’ನಂತಹ ಮ್ಯಾಕ್ರೊಫಿಲ್ಲ ತಳಿಗಳು ಹಳೆಯ ಮತ್ತು ಹೊಸ ಎರಡೂ ರೆಂಬೆಗಳಲ್ಲಿ ಹೂಬಿಡುತ್ತವೆ, ಕತ್ತರಿಯ ತಪ್ಪನ್ನು ಸ್ವಲ್ಪ ಮಟ್ಟಿಗೆ ಅವು ಸಹಿಸಿಕೊಳ್ಳುತ್ತವೆ.

ಸವರದಿದ್ದರೂ ಹೂ ಬಾರದಿದ್ದರೆ ಬೇರೆ ಕಾರಣ ಹುಡುಕಬೇಕು. ವಸಂತದ ತಡವಾದ ಹಿಮ ಮೊಗ್ಗನ್ನು ಸುಟ್ಟಿರಬಹುದು, ಗಿಡ ಗಾಢ ನೆರಳಿನಲ್ಲಿರಬಹುದು, ಸಾರಜನಕ ಹೆಚ್ಚಾಗಿ ಎಲ್ಲ ಶಕ್ತಿಯೂ ಎಲೆಗೆ ಹೋಗಿರಬಹುದು. ಇನ್ನು ವರ್ಷವಿಡೀ ಬೆಚ್ಚಗಿರುವ ಕಡೆ, ರಾತ್ರಿಯೂ ಉಷ್ಣತೆ ಇಳಿಯದ ಮನೆಯೊಳಗೆ, ಮೊಗ್ಗು ಕಟ್ಟಲು ಬೇಕಾದ ತಂಪೇ ಗಿಡಕ್ಕೆ ಸಿಗುವುದಿಲ್ಲ. ಹೂಬಿಟ್ಟ ಸ್ಥಿತಿಯಲ್ಲಿ ಕೊಂಡು ತಂದ ಕುಂಡದ ಗಿಡ ಎರಡನೆಯ ವರ್ಷ ಬರಿಯ ಎಲೆಯಾಗಿ ನಿಲ್ಲುವುದು ಇದೇ ಕಾರಣಕ್ಕೆ: ಬೆಳೆಗಾರರು ಅದನ್ನು ಮೊಗ್ಗು ಕಟ್ಟಿಸಿದ ಮೇಲೆ ಸುಮಾರು ಆರು ವಾರ ಶೀತಲ ಕೋಣೆಯಲ್ಲಿಟ್ಟು, ಆಮೇಲೆ ಬೆಚ್ಚಗಿನ ಗಾಜಿನ ಮನೆಯಲ್ಲಿ ಹೂಬಿಡಿಸಿರುತ್ತಾರೆ. ಅಂಥ ಗಿಡವನ್ನು ತಂಪು ಕಾಲದಲ್ಲಿ ಹಿಮ ಬೀಳದ ಹೊರಾಂಗಣದಲ್ಲಿ ಅಥವಾ ಮನೆಯ ಅತಿ ತಂಪಾದ, ಬೆಳಕಿರುವ ಜಾಗದಲ್ಲಿಡಬೇಕು. ಅಷ್ಟೂ ಸಾಧ್ಯವಿಲ್ಲದಷ್ಟು ಬಿಸಿಯ ಪ್ರದೇಶದವರಿಗೆ ಈ ಗಿಡವನ್ನು ಶಿಫಾರಸು ಮಾಡಲು ನಮಗೆ ಮನಸ್ಸಿಲ್ಲ.

ಪ್ರಶ್ನೆ: ಕಡುನೀಲಿ ಹೂವಿನ ಗಿಡ ತಂದೆವು. ಎರಡು ವರ್ಷಗಳಲ್ಲಿ ಅದು ಮಾಸಲು ಗುಲಾಬಿಯಾಗಿದೆ. ಬುಡದಲ್ಲಿ ತುಕ್ಕುಹಿಡಿದ ಮೊಳೆ ಹೂತರೆ, ಕಾಫಿ ಚರಟ ಹಾಕಿದರೆ ನೀಲಿ ಮರಳುತ್ತದೆಯೇ?

ಉತ್ತರ: ಮೊಳೆಯಿಂದ ಆಗುವುದಿಲ್ಲ. ನೀಲಿಯನ್ನು ತರುವುದು ಕಬ್ಬಿಣವಲ್ಲ, ಅಲ್ಯೂಮಿನಿಯಂ. ನಾವು ಹೂದಳವೆಂದು ನೋಡುವುದು ನಿಜವಾಗಿ ಪುಷ್ಪಪತ್ರಗಳು, ಅಂದರೆ ಹೂವಿನ ಹೊರಸುತ್ತಿನ ಎಲೆಯಂಥ ಭಾಗಗಳು. ಅಸಲು ಹೂ ಅವುಗಳ ನಡುವಿನ ಕಿರಿದಾದ ಗುಂಡು. ಆ ಪುಷ್ಪಪತ್ರಗಳಲ್ಲಿ ಡೆಲ್ಫಿನಿಡಿನ್ ಗ್ಲೂಕೋಸೈಡ್ ಎಂಬ ವರ್ಣದ್ರವ್ಯವಿದೆ. ಗುಲಾಬಿ ಹೂವಿನಲ್ಲೂ ನೀಲಿ ಹೂವಿನಲ್ಲೂ ಇರುವುದು ಅದೊಂದೇ. ಬೇರು ಹೀರಿಕೊಂಡ ಅಲ್ಯೂಮಿನಿಯಂ ಹೂವಿನ ತನಕ ತಲುಪಿ ಆ ವರ್ಣದ್ರವ್ಯದೊಂದಿಗೂ ಜೊತೆಗಿರುವ ಇನ್ನೊಂದು ಸಂಯುಕ್ತದೊಂದಿಗೂ ಬೆಸೆದುಕೊಂಡಾಗ ನೀಲಿಯಾಗುತ್ತದೆ, ತಲುಪದಿದ್ದರೆ ಗುಲಾಬಿಯಾಗಿ ಉಳಿಯುತ್ತದೆ. ಬಹುತೇಕ ಎಲ್ಲ ಮಣ್ಣಿನಲ್ಲೂ ಅಲ್ಯೂಮಿನಿಯಂ ಇದೆ, ಆದರೆ ಅದು ಬೇರಿಗೆ ಸಿಗುವಂತೆ ಕರಗುವುದು ಮಣ್ಣು ಆಮ್ಲೀಯವಾಗಿದ್ದಾಗ ಮಾತ್ರ. ಮಣ್ಣಿನ ರಸಸಾರ, ಅಂದರೆ ಪಿಎಚ್, 5ರಿಂದ 5.5ರ ಆಸುಪಾಸಿನಲ್ಲಿದ್ದರೆ ನೀಲಿ, 6.5ರ ಹತ್ತಿರವಾದರೆ ಗುಲಾಬಿ; ನಡುವೆ ನೇರಳೆ, ಕೆಲವೊಮ್ಮೆ ಒಂದೇ ಗಿಡದಲ್ಲಿ ಎರಡೂ.

ನಿಮ್ಮ ಗಿಡದ ಬಣ್ಣ ಬದಲಾಗಲು ಬಹುಶಃ ನೀವು ಹಾಕುವ ನೀರೇ ಕಾರಣ. ಗಡಸು ನೀರು ಕುಂಡದ ಮಣ್ಣನ್ನು ನಿಧಾನವಾಗಿ ಕ್ಷಾರದ ಕಡೆಗೆ ಎಳೆಯುತ್ತದೆ. ರಂಜಕ ಹೆಚ್ಚಿರುವ ಗೊಬ್ಬರವೂ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ‘ಹೂ ಹೆಚ್ಚಿಸುವ’ ಗೊಬ್ಬರಗಳಲ್ಲಿ ರಂಜಕ ಹೆಚ್ಚಿರುವುದು ಸಾಮಾನ್ಯ. ಆದ್ದರಿಂದ ಸಾಧ್ಯವಾದಷ್ಟು ಮಳೆನೀರನ್ನು ಹಾಕಿ, ರಂಜಕ ಕಡಿಮೆಯಿರುವ ಗೊಬ್ಬರಕ್ಕೆ ಬದಲಾಯಿಸಿ. ಇದರ ಜೊತೆಗೆ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಮೊದಲು ಬರಿಯ ನೀರಿನಿಂದ ಒದ್ದೆ ಮಾಡಿಕೊಂಡ ಮಣ್ಣಿಗೆ, ಎಲೆಗೆ ತಗಲದಂತೆ ಹಾಕಬೇಕು. ಚಿಗುರು ಹೊರಟಾಗ ಆರಂಭಿಸಿ ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಸಾಕು. ಬೇಗ ಆಗಲೆಂದು ಪ್ರಮಾಣ ಹೆಚ್ಚಿಸಿದರೆ ಬೇರು ಸುಡುತ್ತದೆ. ಅರಳಿದ ಹೂವಿನ ಬಣ್ಣ ಬದಲಾಗುವುದಿಲ್ಲ, ಪರಿಣಾಮ ಕಾಣುವುದು ಮುಂದಿನ ಹೂವಿನಲ್ಲಿ. ಕಾಫಿ ಚರಟ ಬಳಸಿದ ಮೇಲೆ ಬಹುಮಟ್ಟಿಗೆ ತಟಸ್ಥವಾಗಿರುವುದರಿಂದ ಅದನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಸರಿ.

ಗುಲಾಬಿಯೇ ಬೇಕೆನ್ನುವವರು ಮಣ್ಣಿಗೆ ಸ್ವಲ್ಪ ಕೃಷಿಸುಣ್ಣ ಬೆರೆಸಬಹುದು. ಆದರೆ ಪಿಎಚ್ 7ನ್ನು ದಾಟಿದರೆ ಕಬ್ಬಿಣದ ಕೊರತೆಯಾಗಿ, ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುತ್ತದೆ. ಬಿಳಿ ತಳಿಗಳು ಯಾವ ಮಣ್ಣಿನಲ್ಲೂ ನೀಲಿಯಾಗುವುದಿಲ್ಲ. ಪ್ಯಾನಿಕ್ಯುಲೇಟದ ಬಿಳಿ ಗೊಂಚಲು ಕ್ರಮೇಣ ಗುಲಾಬಿಗೆ ತಿರುಗುವುದು ವಯಸ್ಸಿನಿಂದ, ಮಣ್ಣಿನಿಂದಲ್ಲ.

ಪ್ರಶ್ನೆ: ದಿನಕ್ಕೆರಡು ಸಲ ನೀರು ಹಾಕಿದರೂ ಮಧ್ಯಾಹ್ನ ಎಲೆಗಳೆಲ್ಲ ಜೋತುಬೀಳುತ್ತವೆ, ಅಂಚು ಕಂದಾಗುತ್ತದೆ. ಇನ್ನೂ ಹೆಚ್ಚು ನೀರು ಬೇಕೇ?

ಉತ್ತರ: ಕೂಡಲೇ ನೀರು ಹಾಕಬೇಡಿ, ಸಂಜೆಯವರೆಗೆ ಕಾಯಿರಿ. ಅಗಲವಾದ ಎಲೆಗಳು ಕಡುಬಿಸಿಲಿನಲ್ಲಿ ಹೊರಬಿಡುವಷ್ಟು ನೀರನ್ನು ಬೇರು ಆ ವೇಗದಲ್ಲಿ ಮೇಲಕ್ಕೆ ಕಳಿಸಲಾರದು. ಮಣ್ಣು ಒದ್ದೆಯಾಗಿದ್ದರೂ ಎಲೆ ಜೋಲುತ್ತದೆ, ಬಿಸಿಲಿಳಿದ ಮೇಲೆ ತಾನಾಗಿಯೇ ನೆಟ್ಟಗಾಗುತ್ತದೆ. ಮರುದಿನ ಬೆಳಿಗ್ಗೆಯೂ ಜೋತೇ ಇದ್ದರೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಬುಡ ಪೂರ್ತಿ ನೆನೆಯುವಂತೆ ನಿಧಾನವಾಗಿ ನೀರು ಕೊಡಿ. ಒದ್ದೆಯಾಗಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆ. ಆಗ ಹಾಕುವ ಪ್ರತಿ ತಂಬಿಗೆ ನೀರೂ ರೋಗವನ್ನು ಹೆಚ್ಚಿಸುತ್ತದೆ.

ಶಾಶ್ವತ ಪರಿಹಾರ ಜಾಗ ಬದಲಿಸುವುದು. ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು ಇರುವ ಸ್ಥಳ ಈ ಗಿಡಕ್ಕೆ ಅತ್ಯುತ್ತಮ. ಬುಡದ ಸುತ್ತ ಒಣ ಎಲೆ ಅಥವಾ ತೊಗಟೆ ಚೂರುಗಳನ್ನು ಐದರಿಂದ ಎಂಟು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಕಾಂಡಕ್ಕೆ ತಗಲದಂತೆ ಸ್ವಲ್ಪ ಜಾಗ ಬಿಡಿ. ಗಿಡಕ್ಕೆ ಬೇಕಾದದ್ದು ಸದಾ ತೇವವಿದ್ದೂ ನೀರು ನಿಲ್ಲದ ಮಣ್ಣು.

ಪ್ರಶ್ನೆ: ಎಲೆಗಳ ಮೇಲೆ ನೇರಳೆ ಅಂಚಿನ ಚುಕ್ಕೆಗಳು, ಕೆಲವು ಎಲೆಗಳ ಮೇಲೆ ಬಿಳಿ ಪುಡಿ. ಔಷಧಿ ಯಾವುದು?

ಉತ್ತರ: ನೇರಳೆ ಅಂಚು, ಬೂದು ನಡುವಿನ ಚುಕ್ಕೆ ಸರ್ಕೊಸ್ಪೊರ ಎಂಬ ಶಿಲೀಂಧ್ರದ ಎಲೆಚುಕ್ಕೆ ರೋಗ, ಕೆಳಗಿನ ಎಲೆಗಳಿಂದ ಮೇಲೇರುತ್ತದೆ. ಬಿಳಿ ಪುಡಿ ಬೂದಿರೋಗ. ಎರಡೂ ಗಿಡವನ್ನು ಅಂದಗೆಡಿಸುತ್ತವೆಯೇ ಹೊರತು ಕೊಲ್ಲುವುದು ವಿರಳ. ಔಷಧಿಗೆ ಮೊದಲು ರೋಗದ ಎಲೆಗಳನ್ನು ಕಿತ್ತು, ಉದುರಿದವನ್ನು ಗುಡಿಸಿ ದೂರ ಹಾಕಿ. ನೀರನ್ನು ಎಲೆಯ ಮೇಲೆ ಎರಚದೆ ಬುಡಕ್ಕೇ, ಬೆಳಗಿನ ಹೊತ್ತು ಕೊಡಿ. ಗಿಡಗಳ ನಡುವೆ ಗಾಳಿಯಾಡಲು ಅಂತರವಿರಲಿ. ಹೆಚ್ಚಿನ ಮನೆಗಳಲ್ಲಿ ಇಷ್ಟರಿಂದಲೇ ಹತೋಟಿಗೆ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಗುವೂ ನಾಯಿಯೂ ಇವೆ. ಈ ಗಿಡ ವಿಷಕಾರಿಯೇ?

ಉತ್ತರ: ಹೌದು. ಎಲೆ, ಮೊಗ್ಗು, ಹೂಗಳಲ್ಲಿ ಜೀರ್ಣವಾಗುವಾಗ ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳಿವೆ. ತಿಂದರೆ ಸಾಮಾನ್ಯವಾಗಿ ವಾಂತಿ, ಭೇದಿ, ಮಂಕು ಕಾಣಿಸುತ್ತವೆ; ತಿಂದದ್ದು ಹೆಚ್ಚಾಗಿದ್ದರೆ ಅಪಾಯವಿದೆ, ತಡಮಾಡದೆ ವೈದ್ಯರ ಅಥವಾ ಪಶುವೈದ್ಯರ ಬಳಿ ಹೋಗಬೇಕು. ಹೂವನ್ನು ತಿಂಡಿಯ ತಟ್ಟೆಯ ಅಲಂಕಾರಕ್ಕೆ ಬಳಸಬೇಡಿ. ಎಲೆಯ ರಸ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಸವರುವಾಗ ಕೈಗವಸು ಧರಿಸಿ.

ಪ್ರಶ್ನೆ: ಹೂದಾನಿಯಲ್ಲಿಟ್ಟ ಹೈಡ್ರೇಂಜಿಯ ಮರುದಿನವೇ ಬಾಡುತ್ತದೆ. ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಆಗತಾನೆ ಅರಳುತ್ತಿರುವ ಎಳೆಯ ಗೊಂಚಲು ಕತ್ತರಿಸಿದರೆ ಬೇಗ ಬಾಡುತ್ತದೆ, ಮುಟ್ಟಿದಾಗ ತುಸು ಕಾಗದದಂತೆ ಬಿರುಸಾಗಿರುವುದನ್ನು ಆರಿಸಿ. ಬೆಳಿಗ್ಗೆ ಕತ್ತರಿಸಿ ನೇರವಾಗಿ ನೀರಿರುವ ಪಾತ್ರೆಗೆ ಹಾಕಿ, ಎಲೆಗಳನ್ನು ಬಹುಪಾಲು ತೆಗೆದುಬಿಡಿ. ಬಾಡಿದ್ದರೆ ಕಾಂಡದ ತುದಿಯನ್ನು ಹೊಸದಾಗಿ ಕತ್ತರಿಸಿ, ಇಡೀ ಗೊಂಚಲನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಪುಷ್ಪಪತ್ರಗಳೇ ನೀರು ಹೀರಿಕೊಳ್ಳುವುದರಿಂದ ಇದು ಅನೇಕ ಸಲ ಫಲಿಸುತ್ತದೆ. ಒಣಹೂವಾಗಿ ಇಟ್ಟುಕೊಳ್ಳುವ ಆಸೆಯಿದ್ದರೆ ಗೊಂಚಲನ್ನು ಗಿಡದಲ್ಲೇ ಬಲಿಯಲು ಬಿಟ್ಟು, ಬಣ್ಣ ಮಾಸಿ ಗರಿಗರಿಯಾದ ಮೇಲೆ ಕತ್ತರಿಸಿ, ಎಲೆ ತೆಗೆದು, ಹೂದಾನಿಯಲ್ಲಿ ಎರಡು ಬೆರಳಷ್ಟು ನೀರು ಹಾಕಿ ನಿಲ್ಲಿಸಿ. ನೀರು ತಾನಾಗಿ ಆರುವ ವೇಳೆಗೆ ಹೂ ಆಕಾರ ಕೆಡದೆ ಒಣಗಿರುತ್ತದೆ. ಕತ್ತರಿಸುವಾಗ ರೆಂಬೆಯನ್ನು ಉದ್ದಕ್ಕೆ ತೆಗೆಯದೆ, ಗೊಂಚಲಿನ ಕೆಳಗಿನ ಮೊದಲ ಮೊಗ್ಗುಜೋಡಿಯನ್ನು ಗಿಡದಲ್ಲೇ ಉಳಿಸಿ.